ಕತ್ತಿ ಕೊಂಡೊಯ್ದ ಆಮೆಗೆ 600 ವರ್ಷವೇ? ರಾಜ ಲೆ ಲೋಯ್ ಮತ್ತು ಹನೋಯ್ ಕೆರೆಯ ಆಮೆಯ ಅಸಲಿ ಕಥೆ

ವಿಯೆಟ್ನಾಂ ರಾಜಧಾನಿ ಹನೋಯ್ ನಗರದ ನಡುವೆ ಹ್ವಾನ್ ಕಿಯೆಮ್ ಎಂಬ ಕೆರೆ ಇದೆ. ಕೆರೆಯೊಳಗಿನ ನಡುಗಡ್ಡೆಯಲ್ಲಿ ನೊಕ್ ಸಾನ್ ದೇಗುಲವಿದೆ. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಸುಮಾರು ಎರಡು ಮೀಟರ್ ಉದ್ದದ ದೈತ್ಯ ಆಮೆಯ ದೇಹವನ್ನು ಕಾಪಾಡಿ ಇಟ್ಟಿದ್ದಾರೆ. ಪ್ರವಾಸಕ್ಕೆ ಹೋದವರು ಅದರ ಫೋಟೊ ತೆಗೆಯದೆ ಬರುವುದಿಲ್ಲ. ಫೋಟೊ ಜೊತೆಗೆ ಒಂದು ಕಥೆಯೂ ಬರುತ್ತದೆ. 15ನೇ ಶತಮಾನದ ರಾಜನೊಬ್ಬನ ದೈವೀ ಕತ್ತಿಯನ್ನು ಈ ಕೆರೆಯ ಆಮೆ ವಾಪಸ್ ಪಡೆಯಿತು, ಅದೇ ಆಮೆ 2016ರವರೆಗೂ ಬದುಕಿತ್ತು ಎಂಬುದು ಆ ಕಥೆ.

ಇದರಲ್ಲಿ ನಿಜವೆಷ್ಟು? ರಾಜ ನಿಜವಾಗಿ ಇದ್ದನೇ? ಆಮೆ ಯಾವ ಜಾತಿಯದು? ಆಮೆಯೊಂದು 600 ವರ್ಷ ಬದುಕಬಹುದೇ? ಒಂದೊಂದಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ: ರಾಜ ನಿಜ, ಯುದ್ಧ ನಿಜ, ಆಮೆಯೂ ನಿಜ. ಕತ್ತಿಯ ಪ್ರಸಂಗ ಐತಿಹ್ಯ. 600 ವರ್ಷದ ಲೆಕ್ಕ ಸುಳ್ಳು.

ಕಥೆ ಏನು ಹೇಳುತ್ತದೆ?

ಚೀನಾದ ಮಿಂಗ್ ಸಾಮ್ರಾಜ್ಯ ವಿಯೆಟ್ನಾಮನ್ನು ಆಳುತ್ತಿದ್ದ ಕಾಲ. ಲೆ ಥಾನ್ ಎಂಬ ಬೆಸ್ತ ಬಲೆ ಬೀಸಿದಾಗ ಒಂದು ಕಬ್ಬಿಣದ ಪಟ್ಟಿ ಸಿಕ್ಕಿತು. ನೀರಿಗೆ ಎಸೆದ, ಮತ್ತೆ ಬಂತು. ಮೂರನೇ ಸಲವೂ ಅದೇ ಬಂದಾಗ ಮನೆಗೆ ತಂದ. ಅದು ಕತ್ತಿಯ ಅಲಗು ಎಂದು ಆಮೇಲೆ ತಿಳಿಯಿತು. ಕತ್ತಿಯ ಹಿಡಿ ಮಾತ್ರ ಬೇರೆ ಕಡೆ, ಆಲದ ಮರವೊಂದರಲ್ಲಿ, ಬಂಡಾಯದ ನಾಯಕ ಲೆ ಲೋಯ್‌ಗೆ ಸಿಕ್ಕಿತು. ಎರಡನ್ನೂ ಸೇರಿಸಿದರೆ ಸರಿಯಾಗಿ ಕೂತಿತು. ಅದು ನಾಗರಾಜ ಎರವಲು ಕೊಟ್ಟ ಕತ್ತಿ, ಹಿಡಿದವನಿಗೆ ಸಾವಿರ ಜನರ ಬಲ ಬರುತ್ತಿತ್ತು ಎನ್ನುತ್ತಾರೆ.

ಯುದ್ಧ ಗೆದ್ದು ರಾಜನಾದ ಲೆ ಲೋಯ್ ಒಂದು ದಿನ ಕೆರೆಯಲ್ಲಿ ದೋಣಿ ವಿಹಾರಕ್ಕೆ ಹೋಗಿದ್ದ. ಚಿನ್ನದ ಆಮೆಯೊಂದು ನೀರಿನಿಂದ ತಲೆ ಎತ್ತಿ ಕತ್ತಿಯನ್ನು ಕೇಳಿತು. ರಾಜ ಕೊಟ್ಟ, ಆಮೆ ಮುಳುಗಿತು. ಅಂದಿನಿಂದ ಹಸಿರು ನೀರಿನ ಕೆರೆ ಎಂದು ಕರೆಯುತ್ತಿದ್ದ ಆ ಜಾಗಕ್ಕೆ ಹ್ವಾನ್ ಕಿಯೆಮ್, ಅಂದರೆ ಕತ್ತಿ ಹಿಂದಿರುಗಿಸಿದ ಕೆರೆ ಎಂಬ ಹೆಸರು ಬಂತು.

ನಿಜವಾದ ಲೆ ಲೋಯ್ ಯಾರು?

ಲೆ ಲೋಯ್ ಹುಟ್ಟಿದ್ದು 1385ರ ಸುಮಾರಿಗೆ, ಹನೋಯ್‌ನ ದಕ್ಷಿಣಕ್ಕಿರುವ ಥಾನ್ ಹ್ವಾ ಪ್ರಾಂತ್ಯದ ಲಾಮ್ ಸಾನ್ ಎಂಬ ಊರಿನಲ್ಲಿ. ಅರಮನೆಯ ಕೂಸಲ್ಲ. ಅಪ್ಪ ಅನುಕೂಲಸ್ಥ ಜಮೀನುದಾರ, ಊರಿನ ಮುಖ್ಯಸ್ಥ. ಮೂವರು ಗಂಡುಮಕ್ಕಳಲ್ಲಿ ಈತ ಕೊನೆಯವ.

1407ರಲ್ಲಿ ಮಿಂಗ್ ಸೈನ್ಯ ದೇಶವನ್ನು ಗೆದ್ದು ಚೀನಾದ ಒಂದು ಪ್ರಾಂತ್ಯವನ್ನಾಗಿ ಮಾಡಿಕೊಂಡಿತು. ಆಗ ಲೆ ಲೋಯ್‌ಗೆ ಇಪ್ಪತ್ತೆರಡರ ಆಸುಪಾಸು. ತೆರಿಗೆ ಹೆಚ್ಚಿತು, ಬಿಟ್ಟಿ ಕೆಲಸಕ್ಕೆ ಜನರನ್ನು ಎಳೆದೊಯ್ದರು, ಸ್ಥಳೀಯ ಪುಸ್ತಕಗಳನ್ನು ಸುಟ್ಟರು ಇಲ್ಲವೇ ಹೊತ್ತೊಯ್ದರು. ಹಲವು ದಂಗೆಗಳು ಎದ್ದವು, ಅಡಗಿದವು.

1416ರಲ್ಲಿ ಲೆ ಲೋಯ್ ಮತ್ತು 18 ಸಂಗಡಿಗರು ಸೇರಿ ಪ್ರಾಣ ಹೋದರೂ ಒಬ್ಬರನ್ನೊಬ್ಬರು ಬಿಡುವುದಿಲ್ಲ ಎಂದು ಪ್ರಮಾಣ ಮಾಡಿದರು. 1418ರ ಆರಂಭದಲ್ಲಿ, ಹೊಸ ವರ್ಷದ ಹಬ್ಬದ ದಿನಗಳಲ್ಲಿ, ಬಹಿರಂಗವಾಗಿ ಬಂಡಾಯ ಸಾರಿದರು.

ಸಾವಿರ ಜನರ ಬಲದ ಕತ್ತಿ ಇದ್ದಿದ್ದರೆ ಯುದ್ಧ ಬೇಗ ಮುಗಿಯಬೇಕಿತ್ತು. ಆದರೆ ಮೊದಲ ಐದಾರು ವರ್ಷ ಲೆ ಲೋಯ್ ಸೋತದ್ದೇ ಹೆಚ್ಚು. ಚಿ ಲಿನ್ ಎಂಬ ಬೆಟ್ಟಕ್ಕೆ ಮತ್ತೆ ಮತ್ತೆ ಓಡಿ ಅಡಗಬೇಕಾಯಿತು. ಒಮ್ಮೆ ಶತ್ರುಗಳು ಸುತ್ತುವರಿದಾಗ ಲೆ ಲಾಯ್ ಎಂಬ ಸಂಗಡಿಗ ನಾಯಕನ ಉಡುಪು ತೊಟ್ಟು ತಾನೇ ಲೆ ಲೋಯ್ ಎನ್ನುತ್ತಾ ಶತ್ರುಗಳ ಕಡೆಗೆ ನುಗ್ಗಿದ. ಅವನನ್ನು ಹಿಡಿದು ಕೊಂದರು. ನಿಜವಾದ ನಾಯಕ ತಪ್ಪಿಸಿಕೊಂಡ. ಇಂದಿಗೂ ವಿಯೆಟ್ನಾಮಿನಲ್ಲಿ ಎಂಟನೇ ಚಾಂದ್ರಮಾನ ತಿಂಗಳ 21ಕ್ಕೆ ಲೆ ಲಾಯ್‌ನ ಪುಣ್ಯತಿಥಿ, 22ಕ್ಕೆ ರಾಜ ಲೆ ಲೋಯ್‌ನ ಪುಣ್ಯತಿಥಿ ಮಾಡುತ್ತಾರೆ. ಮೊದಲ ಪೂಜೆ ಪ್ರಾಣ ಕೊಟ್ಟವನಿಗೆ.

1422ರ ಕೊನೆಯಲ್ಲಿ ಬೆಟ್ಟದ ಮೇಲೆ ಅಕ್ಕಿ ಮುಗಿಯಿತು. ಎರಡು ತಿಂಗಳಿಗೂ ಹೆಚ್ಚು ಕಾಲ ಗೆಡ್ಡೆ, ಸೊಪ್ಪು, ಕಳಲೆ ತಿಂದು ಬದುಕಿದರು. ಕೊನೆಗೆ ನಾಲ್ಕು ಆನೆಗಳನ್ನೂ ತನ್ನ ಸ್ವಂತ ಕುದುರೆಯನ್ನೂ ಕೊಂದು ಸೈನಿಕರಿಗೆ ಊಟ ಹಾಕಿಸಿದ. ಮರುವರ್ಷ ಶತ್ರುಗಳ ಜೊತೆ ಕದನವಿರಾಮ ಮಾಡಿಕೊಂಡು ಊರಿಗೆ ಇಳಿದು ಉಸಿರು ತೆಗೆದುಕೊಂಡ.

ತಿರುವು ಬಂದದ್ದು 1424ರಲ್ಲಿ. ನುಯೆನ್ ಚಿಕ್ ಎಂಬ ಸೇನಾನಿ ಒಂದು ಸಲಹೆ ಕೊಟ್ಟ. ಬಲವಾದ ಕೋಟೆಗಳಿರುವ ಉತ್ತರಕ್ಕೆ ನೇರವಾಗಿ ಹೋಗುವುದು ಬೇಡ, ಮೊದಲು ದಕ್ಷಿಣದ ಗೆ ಆನ್ ಪ್ರಾಂತ್ಯ ಹಿಡಿಯೋಣ, ಅಲ್ಲಿ ಅನ್ನವೂ ಇದೆ, ಜನರೂ ಇದ್ದಾರೆ ಎಂಬುದು ಅವನ ಲೆಕ್ಕ. ಅದು ಫಲಿಸಿತು. 1426ರಲ್ಲಿ ತೊತ್ ದೊಂಗ್ ಎಂಬಲ್ಲಿ ದೊಡ್ಡ ಮಿಂಗ್ ಸೈನ್ಯ ಸೋತಿತು. 1427ರಲ್ಲಿ ಸಹಾಯಕ್ಕೆ ಬಂದ ಸೇನಾಪತಿ ಲಿಯು ಶೆಂಗ್‌ನನ್ನು ಚಿ ಲಾಂಗ್ ಕಣಿವೆಯಲ್ಲಿ ಹೊಂಚು ಹಾಕಿ ಕೊಂದರು. ಹನೋಯ್ ಕೋಟೆಯೊಳಗೆ ಸಿಕ್ಕಿಬಿದ್ದಿದ್ದ ಇನ್ನೊಬ್ಬ ಸೇನಾಪತಿ ವಾಂಗ್ ತೊಂಗ್ ಸಂಧಿಗೆ ಒಪ್ಪಿದ.

ಇಲ್ಲಿ ಲೆ ಲೋಯ್ ಮಾಡಿದ ಕೆಲಸ ಗಮನಿಸಬೇಕು. ಇಪ್ಪತ್ತು ವರ್ಷ ತಮ್ಮನ್ನು ಆಳಿದವರನ್ನು ಕೊಲ್ಲಬೇಕು ಎಂದು ಅವನ ಕಡೆಯವರೇ ಒತ್ತಾಯಿಸಿದರು. ಆತ ಒಪ್ಪಲಿಲ್ಲ. ಸೋತ ಸೈನಿಕರಿಗೆ ದೋಣಿ, ಕುದುರೆ, ದಿನಸಿ ಕೊಟ್ಟು ಮನೆಗೆ ಕಳಿಸಿದ. ಕೊಂದರೆ ದೊಡ್ಡ ದೇಶ ಮತ್ತೆ ಸೇಡಿಗೆ ಬರುತ್ತದೆ, ಕಳಿಸಿದರೆ ಎರಡೂ ಕಡೆಯ ಜನ ಉಳಿಯುತ್ತಾರೆ. ಇದರ ಹಿಂದೆ ನುಯೆನ್ ತ್ರಾಯ್ ಎಂಬ ವಿದ್ವಾಂಸನ ಸಲಹೆಯೂ ಇತ್ತು. ಶತ್ರು ಕೋಟೆಗಳಿಗೆ ಪತ್ರ ಬರೆದು ಶರಣಾಗಲು ಒಲಿಸುವುದರಲ್ಲಿ ಆತ ಪಳಗಿದ್ದ.

ಎಲೆಗಳ ಮೇಲೆ ಬಂದ ಫಾರ್ವರ್ಡ್

ನುಯೆನ್ ತ್ರಾಯ್ ಬಗ್ಗೆ ಇನ್ನೊಂದು ಐತಿಹ್ಯವಿದೆ. ಮರದ ಎಲೆಗಳ ಮೇಲೆ ಆತ ಕೊಬ್ಬಿನಿಂದ ಅಕ್ಷರ ಬರೆಸಿದ. ಕೆಲವರು ಜೇನು ಎನ್ನುತ್ತಾರೆ. ಇರುವೆಗಳು ಬಂದು ಅಂಟಿನ ಜೊತೆ ಎಲೆಯನ್ನೂ ಕೊರೆದು ತಿಂದವು. ಲೆ ಲೋಯ್ ರಾಜನಾಗುತ್ತಾನೆ, ನುಯೆನ್ ತ್ರಾಯ್ ಮಂತ್ರಿಯಾಗುತ್ತಾನೆ ಎಂಬ ಬರಹ ಎಲೆಯಲ್ಲಿ ತೂತಾಗಿ ಮೂಡಿತು. ಎಲೆಗಳನ್ನು ಹೊಳೆಗೆ ಬಿಟ್ಟರು. ಕೆಳಗಿನ ಊರುಗಳ ಜನ ನೀರಿಗೆ ಬಂದಾಗ ಎಲೆ ಸಿಕ್ಕಿತು. ಬರೆದವರು ಕಾಣಲಿಲ್ಲ, ಹಾಗಾಗಿ ದೇವರೇ ಬರೆದದ್ದು ಎಂದುಕೊಂಡರು.

ಇದೂ ನಡೆದದ್ದು ಎನ್ನಲು ಆಧಾರವಿಲ್ಲ. ಆದರೆ ಸುದ್ದಿ ಹೇಗೆ ಹರಡುತ್ತದೆ ಎಂಬುದನ್ನು ಈ ಕಥೆ ಕಟ್ಟಿದವರು ಚೆನ್ನಾಗಿ ಅರಿತಿದ್ದರು. ಕಳಿಸಿದವರ ಹೆಸರಿಲ್ಲದ ಸಂದೇಶ, ನಂಬಲು ಮನಸ್ಸಾಗುವ ವಿಷಯ, ಕೈಯಿಂದ ಕೈಗೆ ದಾಟುವ ವೇಗ. ನಮ್ಮ ಫೋನಿಗೆ ಬರುವ ಎಷ್ಟೋ ಫಾರ್ವರ್ಡ್‌ಗಳು ಇಂಥ ಎಲೆಗಳೇ.

ಗೆದ್ದ ಮೇಲೆ ಏನಾಯಿತು?

1428ರಲ್ಲಿ ಲೆ ಲೋಯ್ ಸಿಂಹಾಸನ ಏರಿದ. ಆತ ಸ್ಥಾಪಿಸಿದ ಲೆ ವಂಶ ಮಧ್ಯೆ ಕೆಲಕಾಲ ತಪ್ಪಿದ್ದನ್ನು ಬಿಟ್ಟರೆ 1789ರವರೆಗೂ ಇತ್ತು. ಸೈನಿಕರಲ್ಲಿ ಬಹುಪಾಲು ಜನರನ್ನು ಹೊಲ ಗದ್ದೆಗೆ ವಾಪಸ್ ಕಳಿಸಿದ. ಉಳಿದವರು ಸರದಿಯ ಮೇಲೆ ಸೇವೆ ಮಾಡುವಂತೆ ಏರ್ಪಾಟಾಯಿತು. ಜಮೀನು ಹಂಚಿಕೆಗೆ ಕೈ ಹಾಕಿದ. ಚೀನಾಕ್ಕೆ ಕಪ್ಪಕಾಣಿಕೆ ಕಳಿಸುತ್ತಾ ಗಡಿಯಲ್ಲಿ ಶಾಂತಿ ಉಳಿಸಿಕೊಂಡ. ಆದರೂ ಮಿಂಗ್ ಚಕ್ರವರ್ತಿ ಅವನನ್ನು ರಾಜ ಎಂದು ಒಪ್ಪಲಿಲ್ಲ. 1431ರಲ್ಲಿ ದೇಶದ ವ್ಯವಹಾರ ತಾತ್ಕಾಲಿಕವಾಗಿ ನೋಡಿಕೊಳ್ಳುವವ ಎಂಬ ಮಟ್ಟಿಗೆ ಮಾತ್ರ ಒಪ್ಪಿದ.

ಕಥೆಗಳಲ್ಲಿ ಬಾರದ ಭಾಗವೂ ಇದೆ. ಸಿಂಹಾಸನ ಕೈತಪ್ಪುವ ಭಯ ಲೆ ಲೋಯ್‌ನನ್ನು ಬಿಡಲಿಲ್ಲ. ಯುದ್ಧದಲ್ಲಿ ಜೊತೆಗಿದ್ದ ತ್ರಾನ್ ನುಯೆನ್ ಹಾನ್ ಮತ್ತು ಫಾಮ್ ವಾನ್ ಸಾವೊ ಎಂಬ ಇಬ್ಬರು ದೊಡ್ಡ ಸೇನಾನಿಗಳು ರಾಜನ ಅನುಮಾನಕ್ಕೆ ಬಲಿಯಾದರು. ಆತ 1433ರಲ್ಲಿ ಐವತ್ತು ತುಂಬುವ ಮೊದಲೇ ತೀರಿಕೊಂಡ. ಸಮಾಧಿ ಹುಟ್ಟೂರು ಲಾಮ್ ಸಾನ್‌ನಲ್ಲಿದೆ. ಪಟ್ಟಕ್ಕೆ ಬಂದ ಮಗನಿಗೆ ಹತ್ತು ವರ್ಷ. ಆ ಮಗ 1442ರಲ್ಲಿ ಹಠಾತ್ತನೆ ಸತ್ತಾಗ ಅಪವಾದ ನುಯೆನ್ ತ್ರಾಯ್ ತಲೆಗೆ ಬಂತು. ಅವನನ್ನು ಕುಟುಂಬ ಸಮೇತ ಕೊಂದರು. ನಿರಪರಾಧಿ ಎಂದು ಘೋಷಣೆಯಾದದ್ದು ಇಪ್ಪತ್ತೆರಡು ವರ್ಷದ ನಂತರ.

ಹಾಗಾದರೆ ಕತ್ತಿಯ ಕಥೆ ಹುಟ್ಟಿದ್ದು ಏಕೆ?

ಲೆ ಲೋಯ್ ರಾಜವಂಶದವನಲ್ಲ ಎಂಬುದನ್ನು ನೆನಪಿಡಿ. ಮಿಂಗ್ ಚೀನಾ ಹಿಂದಿನ ತ್ರಾನ್ ವಂಶದ ಹೆಸರು ಹೇಳಿಕೊಂಡೇ ದೇಶದೊಳಗೆ ಬಂದಿತ್ತು. ಅದಕ್ಕಾಗಿ 1426ರಲ್ಲಿ ಲೆ ಲೋಯ್ ತ್ರಾನ್ ಕಾವೊ ಎಂಬವನನ್ನು ಹೆಸರಿಗೆ ರಾಜನನ್ನಾಗಿ ಕೂರಿಸಿದ್ದ. ಸಂಧಿಯಾದ ಮೇಲೆ, 1428ರಲ್ಲಿ, ತ್ರಾನ್ ಕಾವೊ ಸತ್ತ. ಅದು ಸಹಜ ಸಾವಾಗಿರಲಿಲ್ಲ.

ಊರ ಜಮೀನುದಾರನೊಬ್ಬ ರಾಜನಾಗುವುದನ್ನು ಜನ ಒಪ್ಪಬೇಕಾದರೆ ಕಾರಣ ಬೇಕು. ದೈವ ಕೊಟ್ಟ ಕತ್ತಿ ಆ ಕಾರಣ ಒದಗಿಸಿತು. ಕತ್ತಿಗೆ ಥುವಾನ್ ಥಿಯೆನ್, ಅಂದರೆ ದೈವೇಚ್ಛೆಯಂತೆ ಎಂಬ ಹೆಸರಿದೆ. ಲೆ ಲೋಯ್ ತನ್ನ ಆಳ್ವಿಕೆಯ ಶಕೆಗೆ ಇಟ್ಟ ಹೆಸರೂ ಅದೇ. ಆಮೆ ಕೂಡ ಹೊಸದಲ್ಲ. ಲೆ ಲೋಯ್‌ಗಿಂತ ಸಾವಿರದೈನೂರು ವರ್ಷಕ್ಕೂ ಹಿಂದಿನ ಆನ್ ಸುವಾಂಗ್ ಎಂಬ ರಾಜನ ಐತಿಹ್ಯದಲ್ಲಿ ಚಿನ್ನದ ಆಮೆಯೊಂದು ತನ್ನ ಉಗುರು ಕೊಟ್ಟು ಮಾಯದ ಬಿಲ್ಲು ಮಾಡಿಸುತ್ತದೆ. ಹಳೆಯ ಆಮೆಯೇ ಹೊಸ ರಾಜನ ಕಥೆಗೂ ಬಂತು.

ಕತ್ತಿ ಕೊಟ್ಟದ್ದಕ್ಕಿಂತ ವಾಪಸ್ ಪಡೆದದ್ದು ಈ ಕಥೆಯ ವಿಶೇಷ. ಯುದ್ಧ ಮುಗಿದ ಮೇಲೆ ಆಯುಧ ಕೆಳಗಿಡಬೇಕು ಎಂಬ ಮಾತು ಅದರಲ್ಲಿದೆ. ಇದಕ್ಕಾಗಿಯೇ ವಿಯೆಟ್ನಾಮಿನ ಮಕ್ಕಳಿಗೆಲ್ಲ ಈ ಕಥೆ ಗೊತ್ತು.

ಆ ಕೆರೆಯಲ್ಲಿ ಇದ್ದದ್ದು ಯಾವ ಆಮೆ?

ಆಮೆ ಮಾತ್ರ ಕಲ್ಪನೆಯಲ್ಲ. ಅದರ ವೈಜ್ಞಾನಿಕ ಹೆಸರು ರಫೆಟಸ್ ಸ್ವಿನ್‌ಹೋಯಿ. ಕೋಲ್ಕತ್ತಾದಲ್ಲಿ ಹುಟ್ಟಿ ಚೀನಾದಲ್ಲಿ ಬ್ರಿಟಿಷ್ ರಾಯಭಾರ ಕಚೇರಿಯ ಅಧಿಕಾರಿಯಾಗಿದ್ದ ರಾಬರ್ಟ್ ಸ್ವಿನ್‌ಹೋ ಕಳಿಸಿದ ಮಾದರಿಯಿಂದ 1873ರಲ್ಲಿ ಜಾನ್ ಎಡ್ವರ್ಡ್ ಗ್ರೇ ಇದನ್ನು ಮೊದಲು ವಿವರಿಸಿದರು. ಚೀನಾದ ಯಾಂಗ್‌ಟ್ಸೆ ನದಿ ಕಡೆಯೂ ಉತ್ತರ ವಿಯೆಟ್ನಾಮಿನ ಕೆಂಪು ನದಿ ಕಡೆಯೂ ಇದು ಬದುಕಿತ್ತು. ಹನೋಯ್ ಕೆರೆಯ ಆಮೆ ಬೇರೆಯದೇ ಜಾತಿ ಎಂದು ವಾದಿಸಿ ವಿಯೆಟ್ನಾಮಿನ ತಜ್ಞರೊಬ್ಬರು ಅದಕ್ಕೆ ಲೆ ಲೋಯ್ ಹೆಸರನ್ನೇ ಇಟ್ಟಿದ್ದರು. ಹೆಚ್ಚಿನ ವಿಜ್ಞಾನಿಗಳು ಎರಡೂ ಒಂದೇ ಎನ್ನುತ್ತಾರೆ.

ಇದು ಮೆದು ಚಿಪ್ಪಿನ ಆಮೆಗಳ ಗುಂಪಿಗೆ ಸೇರಿದ್ದು. ಈ ಗುಂಪಿನ ವಿಶೇಷಗಳು ಹೀಗಿವೆ:

ಚಿಪ್ಪಿನ ಮೇಲೆ ಗಟ್ಟಿ ಫಲಕಗಳಿಲ್ಲ. ಒಳಗೆ ಮೂಳೆ ಇದ್ದರೂ ಮೇಲೆ ಇರುವುದು ತೊಗಲಿನಂಥ ಚರ್ಮ. ಅಂಚು ಬಾಗುತ್ತದೆ. ಚಪ್ಪಟೆ ದೇಹದಿಂದ ನೀರಿನಲ್ಲಿ ವೇಗವಾಗಿ ಈಜುತ್ತದೆ.

ಮೂಗು ಹಂದಿಯ ಮೂತಿಯಂತೆ ಮುಂದೆ ಚಾಚಿದೆ. ಮೂಗಿನ ತುದಿ ಮಾತ್ರ ಮೇಲೆತ್ತಿ ಉಸಿರಾಡಬಹುದು. ಉಳಿದ ದೇಹ ಯಾರಿಗೂ ಕಾಣದು.

ಮೆದು ಚಿಪ್ಪಿನ ಆಮೆಗಳು ನೀರಿನೊಳಗಿದ್ದಾಗ ಚರ್ಮದಿಂದಲೂ ಗಂಟಲಿನ ಒಳಪದರದಿಂದಲೂ ಸ್ವಲ್ಪ ಆಮ್ಲಜನಕ ಹೀರಿಕೊಳ್ಳುತ್ತವೆ. ಹಾಗಾಗಿ ಬಹಳ ಹೊತ್ತು ಕೆಸರಿನಲ್ಲಿ ಹುದುಗಿರಬಲ್ಲವು.

ಗಾತ್ರದಲ್ಲಿ ಇದು ಜಗತ್ತಿನ ಅತಿ ದೊಡ್ಡ ಸಿಹಿನೀರಿನ ಆಮೆಗಳಲ್ಲಿ ಒಂದು. 2011ರಲ್ಲಿ ಹನೋಯ್ ಕೆರೆಯ ಆಮೆಯ ಮೈಮೇಲೆ ಗಾಯಗಳು ಕಂಡಾಗ ಬಲೆ ಹಾಕಿ ಹಿಡಿದು ಚಿಕಿತ್ಸೆ ಮಾಡಿದರು. ತೂಕ 169 ಕಿಲೋ ಇತ್ತು.

ದೊಡ್ಡ ಗಾತ್ರ, ಅಡಗಿರುವ ಸ್ವಭಾವ, ಅಪರೂಪಕ್ಕೆ ಮೇಲೆ ಬಂದು ಥಟ್ಟನೆ ಮುಳುಗುವುದು: ಚಿನ್ನದ ಆಮೆಯ ಐತಿಹ್ಯವನ್ನು ನಂಬಲು ಇಂಥ ಪ್ರಾಣಿ ಕೆರೆಯಲ್ಲೇ ಇದ್ದರೆ ಇನ್ನೇನು ಬೇಕು!

600 ವರ್ಷ ಬದುಕಬಹುದೇ?

ಇಲ್ಲ. ಈ ಜಾತಿ ನೂರು ವರ್ಷ ದಾಟಬಲ್ಲದು ಎಂಬ ಅಂದಾಜಿದೆ. ಬದುಕಿರುವ ಭೂಚರ ಪ್ರಾಣಿಗಳಲ್ಲೇ ಹಿರಿಯದೆಂದು ಹೆಸರಾದ, ಸೇಂಟ್ ಹೆಲೆನಾ ದ್ವೀಪದ ಜೊನಾಥನ್ ಎಂಬ ಆಮೆ ಹುಟ್ಟಿದ್ದು 1832ರ ಸುಮಾರಿಗೆ. ಅಂದರೆ ಅದಕ್ಕೂ ಇನ್ನೂರು ತುಂಬಿಲ್ಲ. 1428ರಿಂದ 2016ರವರೆಗೆ 588 ವರ್ಷ. ಅಷ್ಟು ಕಾಲ ಬದುಕಿದ ಯಾವ ಆಮೆಯೂ ದಾಖಲೆಯಲ್ಲಿಲ್ಲ.

ಚಿಪ್ಪಿನ ಗೆರೆ ಎಣಿಸಿ ವಯಸ್ಸು ಹೇಳಬಹುದಲ್ಲ ಎಂದು ನೀವು ಕೇಳಬಹುದು. ಗಟ್ಟಿ ಫಲಕಗಳಿರುವ ಆಮೆಗಳಲ್ಲೇ ಆ ಲೆಕ್ಕ ಪಕ್ಕಾ ಅಲ್ಲ. ಈ ಆಮೆಗೆ ಫಲಕಗಳೇ ಇಲ್ಲ, ಎಣಿಸಲು ಗೆರೆಯೂ ಇಲ್ಲ.

ಎಲ್ಲಕ್ಕಿಂತ ಸರಳವಾದ ಸಾಕ್ಷಿ ದೇಗುಲದಲ್ಲೇ ಇದೆ. ಅಲ್ಲಿ ಮೊದಲಿನಿಂದ ಪ್ರದರ್ಶನಕ್ಕಿಟ್ಟಿದ್ದ ಆಮೆ ಸತ್ತದ್ದು 1967ರಲ್ಲಿ, ಇದೇ ಕೆರೆಯಲ್ಲಿ. 2016ರ ಜನವರಿ 19ರಂದು ಸತ್ತದ್ದು ಇನ್ನೊಂದು ಆಮೆ. ಅದರ ದೇಹವನ್ನೂ ಕೆಡದಂತೆ ಕಾಪಾಡಿ 2019ರಿಂದ ಅಲ್ಲೇ ಇಟ್ಟಿದ್ದಾರೆ. ಒಂದೇ ಆಮೆ ಆರುನೂರು ವರ್ಷ ಬದುಕಿದ್ದಲ್ಲ, ಹಲವು ಆಮೆಗಳು ಒಂದರ ನಂತರ ಒಂದು ಬದುಕಿ ಸತ್ತಿವೆ.

ಈ ತಪ್ಪು ನಂಬಿಕೆಯಿಂದ ನಷ್ಟವೇನು?

ಸಾವಿಲ್ಲದ ಪ್ರಾಣಿಗೆ ಜೋಡಿ ಬೇಡ, ಮೊಟ್ಟೆ ಇಡಲು ಮರಳು ದಿಬ್ಬ ಬೇಡ, ಶುದ್ಧ ನೀರೂ ಬೇಡ. ನಿಜವಾದ ಆಮೆಗೆ ಇವೆಲ್ಲ ಬೇಕು. ಹನೋಯ್ ಜನ ತಮ್ಮ ಆಮೆಯನ್ನು ಅಜ್ಜ ಎಂಬ ಗೌರವದಿಂದ ಕರೆಯುತ್ತಿದ್ದರು, ಕಂಡರೆ ಕೈ ಮುಗಿಯುತ್ತಿದ್ದರು. ಆದರೆ ಸುಮಾರು 12 ಹೆಕ್ಟೇರಿನ ಆ ಕೆರೆಯ ಸುತ್ತ ಕಾಂಕ್ರೀಟ್ ದಂಡೆ, ಒಳಗೆ ಕೊಳೆತ ನೀರು, ಯಾರೋ ತಂದು ಬಿಟ್ಟ ವಿದೇಶಿ ಆಮೆಗಳು. ಅಜ್ಜ ಅಲ್ಲಿ ಒಂಟಿಯಾಗಿತ್ತು. ಕೆರೆಯ ಆಚೆ ಇದೇ ಜಾತಿಯ ಆಮೆಗಳನ್ನು ಮಾಂಸಕ್ಕೆ, ಚಿಪ್ಪಿಗೆ ಹಿಡಿದರು. ಮೊಟ್ಟೆ ತೆಗೆದರು. ಅಣೆಕಟ್ಟುಗಳಿಂದ ಮರಳು ದಿಬ್ಬ ಮುಳುಗಿದವು.

ಚೀನಾದ ಸುಝೌ ಮೃಗಾಲಯದಲ್ಲಿ ಒಂದು ಗಂಡು ಇತ್ತು. 2008ರಲ್ಲಿ ಚಾಂಗ್‌ಶಾದಿಂದ ಹೆಣ್ಣನ್ನು ತಂದು ಜೊತೆಗೆ ಬಿಟ್ಟರು. ಮೊಟ್ಟೆ ಇಟ್ಟರೂ ಒಂದೂ ಮರಿಯಾಗಲಿಲ್ಲ. ಕೃತಕ ಗರ್ಭಧಾರಣೆಯ ಐದನೇ ಪ್ರಯತ್ನದ ಮರುದಿನ, 2019ರ ಏಪ್ರಿಲ್‌ನಲ್ಲಿ ಹೆಣ್ಣು ಸತ್ತಿತು. 2020ರ ಅಕ್ಟೋಬರ್‌ನಲ್ಲಿ ಹನೋಯ್ ಪಶ್ಚಿಮಕ್ಕಿರುವ ದೊಂಗ್ ಮೊ ಕೆರೆಯಲ್ಲಿ 86 ಕಿಲೋ ತೂಕದ ಹೆಣ್ಣು ಸಿಕ್ಕಿದಾಗ ಮತ್ತೆ ಆಸೆ ಚಿಗುರಿತು. 2023ರ ಏಪ್ರಿಲ್‌ನಲ್ಲಿ ಅದೂ ಸತ್ತು ತೇಲಿತು. ಆಗ ಬದುಕಿರುವುದು ಖಚಿತವಾಗಿದ್ದದ್ದು ಸುಝೌನ ಮುದಿ ಗಂಡು ಒಂದೇ. ದೊಂಗ್ ಮೊ ಬಳಿಯ ಸುವಾನ್ ಖಾನ್ ಕೆರೆಯ ನೀರಿನಲ್ಲಿ ಈ ಜಾತಿಯ ಡಿಎನ್‌ಎ ಗುರುತು ಸಿಕ್ಕಿದ್ದರಿಂದ ಅಲ್ಲೊಂದು ಇರಬಹುದೆಂದು ಹುಡುಕಾಟ ನಡೆದಿದೆ.

ಭಕ್ತಿಯಿಂದ ಪ್ರಯೋಜನವೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಅಸ್ಸಾಮಿನ ಹಾಜೊ ಊರಿನ ಹಯಗ್ರೀವ ಮಾಧವ ದೇವಾಲಯದ ಕೊಳದಲ್ಲಿ ಕಪ್ಪು ಮೆದು ಚಿಪ್ಪಿನ ಆಮೆಗಳು ಉಳಿದದ್ದು ಭಕ್ತರಿಂದಲೇ. ಆದರೆ ಅಲ್ಲಿ ಮೊಟ್ಟೆಗಳನ್ನು ಕಾಪಾಡಿ, ಮರಿ ಮಾಡಿಸಿ, ಪೊಬಿತೋರಾ ಅಭಯಾರಣ್ಯಕ್ಕೆ ಬಿಡುವ ಕೆಲಸವೂ ಸೇರಿತು. ನಮ್ಮ ಹತ್ತಿರವೂ ಉದಾಹರಣೆ ಇದೆ. ಕೊಡಗಿನಲ್ಲಿ ಹುಟ್ಟಿ ಸುಳ್ಯದ ಮೂಲಕ ಹರಿಯುವ ಪಯಸ್ವಿನಿ ಕಾಸರಗೋಡಿನಲ್ಲಿ ಚಂದ್ರಗಿರಿ ಎನಿಸಿಕೊಳ್ಳುತ್ತದೆ. ಅಲ್ಲಿ ಕ್ಯಾಂಟರ್ ದೈತ್ಯ ಮೆದು ಚಿಪ್ಪಿನ ಆಮೆ ಇದೆ. ಊರ ಜನ ಕೊಟ್ಟ ಮಾಹಿತಿಯಿಂದಲೇ ಸಂಶೋಧಕರು ಗೂಡು ಗುರುತಿಸಿ, ನೀರಿಗೆ ಸಿಲುಕಿದ್ದ ಮೊಟ್ಟೆಗಳನ್ನು ಉಳಿಸಿ, ಮರಿಗಳನ್ನು ಹೊಳೆಗೆ ಬಿಟ್ಟರು.

ಫಾರ್ವರ್ಡ್ ಮಾಡುವ ಮೊದಲು

ಲೆ ಲೋಯ್ ಗೆದ್ದದ್ದು ಮಾಯದ ಕತ್ತಿಯಿಂದಲ್ಲ. ಹಸಿವು ತಡೆದ ಸೈನಿಕರು, ನಾಯಕನ ಉಡುಪು ತೊಟ್ಟು ಸತ್ತ ಗೆಳೆಯ, ಸರಿಯಾದ ಸಮಯದಲ್ಲಿ ಸಿಕ್ಕ ಸಲಹೆ, ಶತ್ರುವನ್ನು ಜೀವಂತ ಕಳಿಸುವ ಬುದ್ಧಿ, ಇವೆಲ್ಲ ಸೇರಿ ಹತ್ತು ವರ್ಷಕ್ಕೆ ಗೆಲುವು ಬಂತು. ಕತ್ತಿ ಮತ್ತು ಆಮೆಯ ಕಥೆಯನ್ನು ಕಥೆಯಾಗಿಯೇ ಮಕ್ಕಳಿಗೆ ಹೇಳಿ, ತಪ್ಪೇನಿಲ್ಲ.

ಆದರೆ 600 ವರ್ಷದ ಆಮೆ ಎಂಬ ಸಾಲಿನೊಂದಿಗೆ ಆ ಫೋಟೊ ಬಂದರೆ, ಅದು 1967ರ ಆಮೆಯೋ 2016ರ ಆಮೆಯೋ ಎಂದು ಕಳಿಸಿದವರನ್ನು ಕೇಳಿ. ಜೊತೆಗೆ, ಆ ಜಾತಿಯಲ್ಲಿ ಈಗ ಬದುಕಿರುವುದು ಎಷ್ಟು ಎಂಬುದನ್ನೂ ಬರೆದು ಕಳಿಸಿ.